ಕಾಯಕದ ಮನೆ: ಅಂಚು ಹೊಲಿಯುವ ಯಂತ್ರವನ್ನು ಕೊಳ್ಳುವ ಮುನ್ನ



ಮಂಡ್ಯ ತಾಲ್ಲೂಕಿನ ಹೊಳಲು ಗ್ರಾಮಕ್ಕೆ ನನ್ನ ತಮ್ಮನ ಮಗಳನ್ನು ಕೊಟ್ಟಿದೆ. ಬಸವ ಜಯಂತಿಯ ಮರುದಿನ ಆಕೆಯ ಮನೆಗೆ ಹೋಗಿದ್ದಾಗ, ಪ್ರಸಾದವಾದ ಬಳಿಕ, ತಾನು ಹೊಲಿದ ರವಿಕೆಯೊಂದನ್ನು ಒಳಮಗ್ಗುಲು ಹೊರಗೆ ಮಾಡಿ ತಂದು ನನ್ನ ಮುಂದೆ ಹಿಡಿದಳು. ಹೊರಗಿನಿಂದ ನೋಡಿದರೆ ಹೊಲಿಗೆ ನೇರವಾಗಿತ್ತು, ಕುತ್ತಿಗೆಯ ಸುತ್ತು ಅಚ್ಚುಕಟ್ಟಾಗಿತ್ತು. ಒಳಗಿನ ಅಂಚುಗಳಲ್ಲಿ ಮಾತ್ರ ಎಳೆಗಳು ಕಿತ್ತು ಗಡ್ಡದಂತೆ ಇಳಿಬಿದ್ದಿದ್ದವು.

"ದೊಡ್ಡಪ್ಪ, ನಾಕು ಸಲ ಒಗೆದ್ರೆ ಹಿಂಗಾಯ್ತದೆ. ಓವರ್‌ಲಾಕ್ ಮಾಡಿಸ್ಬೇಕು ಅಂದ್ರೆ ಮಂಡ್ಯಕ್ಕೇ ಹೋಗ್ಬೇಕು. ಬಸ್ಸಿಗೆ ಕಾಸಿಲ್ಲ ನಿಜ, ಆದ್ರೆ ಅರ್ಧ ದಿನ ಹೋಗ್ತದೆ. ಒಂದು ಮಿಷನ್ ತಗೊಳ್ಳಾನ ಅಂದ್ರೆ ಮಾವ ಒಪ್ತಿಲ್ಲ. ನೀವೊಂದು ಮಾತು ಹೇಳಿ" ಎಂದಳು.

ಬೀಗರು ಜಗುಲಿಯ ಮೇಲೆಯೇ ಕುಳಿತಿದ್ದರು. "ಮನೇಲಿ ಒಂದು ಮಿಷನ್ ಅದೆಯಲ್ಲ ಸ್ವಾಮಿ, ಇನ್ನೊಂದು ಯಾತಕ್ಕೆ?" ಎಂಬುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಈ ಹೆಣ್ಣುಮಗಳು ಎಂಟು ವರ್ಷ ಮದ್ದೂರು ಸೀಮೆಯ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ದುಡಿದವಳು. ಅಷ್ಟು ವರ್ಷವೂ ಆಕೆ ಹೊಲಿದದ್ದು ಅಂಗಿಯ ಕಾಲರುಗಳನ್ನು ಮಾತ್ರ. ಇಡೀ ಉಡುಪೊಂದನ್ನು ಆಕೆಯ ಕೈ ಕಂಡಿರಲಿಲ್ಲ. ಮಕ್ಕಳಾದ ಮೇಲೆ ಕಾರ್ಖಾನೆಯನ್ನು ಬಿಟ್ಟು, ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಯಲ್ಲಿ ಉಚಿತವಾಗಿ ಹೊಲಿಗೆ ಕಲಿತು, ಈಗ ಊರಿನ ಹೆಂಗಸರ ರವಿಕೆ, ಲಂಗ, ಚೂಡಿದಾರಗಳನ್ನು ಮನೆಯಲ್ಲಿಯೇ ಹೊಲಿಯುತ್ತಾಳೆ. ಎಳೆ ಬಿಟ್ಟುಕೊಂಡ ರವಿಕೆಯನ್ನು ಕಂಡವರು ಎರಡನೆಯ ರವಿಕೆಯನ್ನು ತರುವುದಿಲ್ಲ ಎಂಬುದು ಆಕೆಯ ಸಂಕಟ.

ನಾನು ತಕ್ಷಣ ಮಾತು ಕೊಡಲಿಲ್ಲ. ಅದಕ್ಕೆ ಕಾರಣವುಂಟು. ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಮಹಿಳಾ ಸಂಘವೊಂದು ಇಂಥದೇ ಯಂತ್ರವನ್ನು ಕೊಳ್ಳುವಾಗ ನನ್ನ ಸಲಹೆ ಕೇಳಿತ್ತು. ದೊಡ್ಡದನ್ನೇ ಕೊಳ್ಳಿರಿ, ಬಹುಕಾಲ ಬಾಳುತ್ತದೆ ಎಂದು ತಿಳಿದವನಂತೆ ಹೇಳಿಬಿಟ್ಟೆ. ಕಾರ್ಖಾನೆಯೊಂದು ವಿಲೇವಾರಿ ಮಾಡಿದ ಐದು ದಾರದ ಯಂತ್ರ ಬಂತು. ಅದಕ್ಕೆ ದಾರ ಪೋಣಿಸಬಲ್ಲವಳು ಒಬ್ಬಳೇ ಇದ್ದಳು. ಆಕೆ ಮದುವೆಯಾಗಿ ಹೋದಳು. ಮೋಟಾರಿನ ಸದ್ದಿಗೆ ಪಕ್ಕದ ಮನೆಯ ತೊಟ್ಟಿಲ ಕೂಸು ಬೆಚ್ಚಿ ಅಳುತ್ತಿತ್ತು. ಇಂದು ಆ ಯಂತ್ರದ ಮೇಲೆ ರಾಗಿಯ ಮೂಟೆಗಳಿವೆ. ಶಾಸ್ತ್ರ ಓದಿದವನು ಸೂಜಿಯ ವಿಷಯದಲ್ಲಿ ಬಾಯಿ ಹಾಕಿದರೆ ಆಗುವ ಫಲವಿದು. ಆದ್ದರಿಂದ ಈ ಸಲ ಮಗಳನ್ನೂ ಬೀಗರನ್ನೂ ಕರೆದುಕೊಂಡು ಮಂಡ್ಯಕ್ಕೆ ಹೋಗಿ, ಹೊಲಿಗೆ ಯಂತ್ರಗಳನ್ನು ದುರಸ್ತಿ ಮಾಡುವ ಹಿರಿಯರೊಬ್ಬರ ಬಳಿ ಕುಳಿತು ಕೇಳಿ ತಿಳಿದೆನು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನೇಯ್ದ ಬಟ್ಟೆಯೆಂದರೆ ಹಾಸು ಮತ್ತು ಹೊಕ್ಕು. ಕತ್ತರಿ ಬಿದ್ದ ಕಡೆ ಈ ಎರಡೂ ಎಳೆಗಳು ಅನಾಥವಾಗುತ್ತವೆ, ಹಿಡಿದಿಡುವವರಿಲ್ಲದೆ ಜಾರುತ್ತವೆ. ಹಿಂದೆ ನಮ್ಮ ತಾಯಂದಿರು ಅಂಚನ್ನು ಎರಡು ಮಡಿಕೆ ಮಾಡಿ ಕೈಹೊಲಿಗೆ ಹಾಕುತ್ತಿದ್ದರು. ಓವರ್‌ಲಾಕ್ ಯಂತ್ರವು ಒಂದೇ ಓಟದಲ್ಲಿ ಅಂಚನ್ನು ಸವರಿ ಕತ್ತರಿಸಿ, ಆ ಅಂಚಿನ ಸುತ್ತ ದಾರದ ಕುಣಿಕೆಗಳನ್ನು ಹೆಣೆದು ಕಟ್ಟುತ್ತದೆ. ಇದರಲ್ಲಿ ಬಾಬಿನ್ ಇಲ್ಲ. ಅದರ ಬದಲು ಲೂಪರ್ ಎಂಬ ಎರಡು ಕೊಕ್ಕೆಗಳು, ಒಂದು ಮೇಲೆ, ಒಂದು ಕೆಳಗೆ, ದಾರವನ್ನು ಒಯ್ದು ತರುತ್ತವೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಮೆರೋ ಮನೆತನದವರು 1881ರಲ್ಲಿ ಇದನ್ನು ಸಿದ್ಧಪಡಿಸಿದರು. ಮನೆಯಲ್ಲಿ ಇಟ್ಟುಕೊಳ್ಳಬಹುದಾದ ಸಣ್ಣ ರೂಪ ಬಂದದ್ದು 1960ರ ದಶಕದಲ್ಲಿ, ಜಪಾನಿನಲ್ಲಿ. ಯಂತ್ರಗಳ ವಿಷಯದಲ್ಲಿ ಬಿಗಿಯಾಗಿದ್ದ ಗಾಂಧೀಜಿಯವರೂ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ನೀಡಿದ್ದುಂಟು. ನಮ್ಮ ಶರಣ ಪರಂಪರೆಯಲ್ಲಂತೂ ನೂಲುವ ಕದಿರ ರೆಮ್ಮವ್ವೆ, ನೇಯುವ ಜೇಡರ ದಾಸಿಮಯ್ಯ, ಸೂಜಿಕಾಯಕದ ರಾಮಿತಂದೆ ಎಲ್ಲರೂ ಇದ್ದಾರೆ. ಬಟ್ಟೆಯ ಕೆಲಸ ನಮಗೆ ಹೊರಗಿನದಲ್ಲ. ಮಠದಲ್ಲಿ ಓದುವಾಗ ಹರಿದ ಅಂಗಿಗೆ ನಾವೇ ತೇಪೆ ಹಾಕಿಕೊಳ್ಳಬೇಕಿತ್ತು. ನಾನು ಹಾಕಿದ ತೇಪೆಯನ್ನು ಕಂಡು ಗುರುಗಳು ನಕ್ಕಿದ್ದು ಇಂದಿಗೂ ನೆನಪಿದೆ.

ಮೊದಲು ಕೇಳಬೇಕಾದ ಪ್ರಶ್ನೆ, ಎಷ್ಟು ದಾರದ ಯಂತ್ರ ಎಂಬುದು. ಮೂರು ದಾರದ್ದು ಅಂಚನ್ನು ಕಟ್ಟುತ್ತದೆ. ನಾಲ್ಕು ದಾರದ್ದಕ್ಕೆ ಎರಡು ಸೂಜಿ. ಅದು ಅಂಚನ್ನು ಕಟ್ಟುವುದರೊಡನೆ ಎರಡು ತುಂಡುಗಳನ್ನು ಭದ್ರವಾಗಿ ಕೂಡಿಸುತ್ತದೆ. ಬನಿಯನ್, ಟೀ ಶರ್ಟುಗಳಂತಹ ಹಿಗ್ಗುವ ಬಟ್ಟೆಗೆ ಇದು ಬೇಕು. ಐದು ದಾರದ್ದು ಕಾರ್ಖಾನೆಯ ಕೆಲಸಕ್ಕೆ.

ನಾಲ್ಕು ಮೂರಕ್ಕಿಂತ ದೊಡ್ಡದಲ್ಲವೇ, ಅದನ್ನೇ ಕೊಳ್ಳೋಣ ಎಂದು ನಾನು ಮತ್ತೆ ಹಳೆಯ ದಾರಿಗೇ ಹೊರಟಿದ್ದೆ. ಆ ಹಿರಿಯರು ಮಗಳ ಕೈಯಲ್ಲಿದ್ದ ರವಿಕೆಯನ್ನು ತೆಗೆದುಕೊಂಡು ಪಕ್ಕದ ಹೊಲಿಗೆಯನ್ನು ಬಿಡಿಸಿ ತೋರಿಸಿದರು. ನಮ್ಮ ಮನೆಗಳಲ್ಲಿ ರವಿಕೆಯನ್ನು ಹೊಲಿಯುವಾಗ ಪಕ್ಕಗಳಲ್ಲಿ ಒಂದೂವರೆ, ಎರಡು ಅಂಗುಲ ಬಟ್ಟೆಯನ್ನು ಒಳಗೆ ಬಿಟ್ಟಿರುತ್ತಾರೆ. ಹೆಣ್ಣುಮಕ್ಕಳ ಮೈ ಒಂದೇ ಸಮನಿರುವುದಿಲ್ಲ; ಬಸಿರು, ಬಾಣಂತನ, ವಯಸ್ಸು ಎಲ್ಲವೂ ಬರುತ್ತವೆ. ಧಾರೆಯ ಸೀರೆಯ ರವಿಕೆಯನ್ನು ಹತ್ತು ವರ್ಷದ ಮೇಲೆ ಬಿಚ್ಚಿ ಅಗಲ ಮಾಡಿಸಿ ಉಡುವವರಿದ್ದಾರೆ. ಓವರ್‌ಲಾಕಿನ ಅಲಗು ಹೊಲಿಗೆಯ ಪಕ್ಕದಲ್ಲಿಯೇ ಓಡುತ್ತದೆ. ನಾಲ್ಕು ದಾರದಿಂದ ರವಿಕೆಯ ಪಕ್ಕವನ್ನೇ ಕೂಡಿಸಿಬಿಟ್ಟರೆ ಒಳಗೆ ಬಿಟ್ಟ ಬಟ್ಟೆಯೆಲ್ಲ ಕತ್ತರಿಸಿ ಕಸದ ಬುಟ್ಟಿಗೆ ಬೀಳುತ್ತದೆ. ಆಮೇಲೆ ಆ ರವಿಕೆಯನ್ನು ಬಿಚ್ಚಿ ಅಗಲ ಮಾಡುವಂತಿಲ್ಲ. ಆದುದರಿಂದ ಹಳ್ಳಿಯ ರವಿಕೆಯ ಕೆಲಸದಲ್ಲಿ ಕೂಡಿಸುವ ಹೊಲಿಗೆಯನ್ನು ಸಾಮಾನ್ಯ ಯಂತ್ರದಲ್ಲಿಯೇ ಹಾಕಬೇಕು, ಒಳಗೆ ಬಿಟ್ಟ ಬಟ್ಟೆಯ ತುದಿಯನ್ನು ಮಾತ್ರ ಓವರ್‌ಲಾಕಿನಲ್ಲಿ ಕಟ್ಟಬೇಕು. ಅದಕ್ಕೆ ಮೂರು ದಾರ ಧಾರಾಳವಾಗಿ ಸಾಕು. ಬೀಗರ ಪ್ರಶ್ನೆಗೂ ಇಲ್ಲಿಯೇ ಉತ್ತರ ಸಿಕ್ಕಿತು: ಇದು ಮನೆಯಲ್ಲಿರುವ ಯಂತ್ರದ ಬದಲಿಗೆ ಬರುವುದಲ್ಲ, ಅದರ ಜೊತೆಗೆ ನಿಲ್ಲುವುದು.

ಶಾಲೆಯ ಸಮವಸ್ತ್ರಕ್ಕೂ ಇದೇ ಮಾತು. ಬೇಸಿಗೆಯ ರಜೆ ಮುಗಿಯುವ ಹೊತ್ತಿಗೆ ಹಳ್ಳಿಯ ಹೊಲಿಗೆಯವರಿಗೆ ಬಿಡುವಿರುವುದಿಲ್ಲ. ಪಾಲಿಯೆಸ್ಟರ್ ಬೆರೆತ ಆ ಬಟ್ಟೆಯ ಎಳೆ ನುಣುಪು, ಬೇಗ ಜಾರುತ್ತದೆ. ಮಗು ಬೆಳೆಯುತ್ತದೆಂದು ತಾಯಂದಿರು ಬಟ್ಟೆಯನ್ನು ಒಳಗೆ ಬಿಡಿಸಿಯೇ ಹೊಲಿಸುತ್ತಾರೆ. ಇನ್ನು ಸೀರೆಯ ಅಂಚಿಗೆ ಹಾಕುವ ಪೀಕೋ ಕೆಲಸಕ್ಕೆ ಬೇರೆ ಯಂತ್ರವೇ ಇದೆ. ಎರಡೂ ಒಂದೇ ಎಂದು ತಿಳಿದು ಕೊಂಡು ಪೇಚಾಡಿದವರು ಉಂಟು.

ಅಲಗಿನ ವಿಷಯವನ್ನು ಇನ್ನೂ ಸ್ವಲ್ಪ ಹೇಳಬೇಕು. ಸಾಮಾನ್ಯ ಯಂತ್ರದಲ್ಲಿ ತಪ್ಪಿದರೆ ಹೊಲಿಗೆಯನ್ನು ಬಿಚ್ಚಬಹುದು. ಇದರಲ್ಲಿ ತಪ್ಪಿದರೆ ಬಟ್ಟೆಯೇ ತುಂಡು. ಅಲಗನ್ನು ಬೇಡವಾದಾಗ ಸರಿಸಿಡುವ ಅನುಕೂಲ ಇದೆಯೇ ಎಂದು ಅಂಗಡಿಯಲ್ಲಿ ಕೇಳಿರಿ. ಮನೆಬಳಕೆಯ ಹಲವು ಯಂತ್ರಗಳಲ್ಲಿ ಅದುಂಟು, ಅಗ್ಗದವುಗಳಲ್ಲಿ ಕೆಲವಕ್ಕೆ ಇಲ್ಲ. ಗುಂಡುಸೂಜಿ ಚುಚ್ಚಿದ ಬಟ್ಟೆಯನ್ನು ಇದರ ಕೆಳಗೆ ಬಿಡಲೇಬಾರದು. ಅಲಗಿನ ಬಾಯಿ ಹೋಗುತ್ತದೆ, ತುಂಡು ಕಣ್ಣಿಗೆ ಸಿಡಿಯಲೂಬಹುದು. ಮಕ್ಕಳಿರುವ ಮನೆಯಲ್ಲಿ ಕೆಲಸ ಮುಗಿದೊಡನೆ ಪ್ಲಗ್ಗನ್ನು ಕಿತ್ತಿಡುವುದು ಕ್ಷೇಮ.

ಮೋಟಾರಿನ ಬಗ್ಗೆ ಹೇಳುವುದಾದರೆ, ಕಾರ್ಖಾನೆಯ ಯಂತ್ರ ನಿಮಿಷಕ್ಕೆ ಐದು ಸಾವಿರಕ್ಕೂ ಹೆಚ್ಚು ಹೊಲಿಗೆ ಹಾಕುತ್ತದೆ, ಮನೆಯದು ಸುಮಾರು 1300ರಿಂದ 1500. ದಿನಕ್ಕೆ ನಾಲ್ಕು ರವಿಕೆ ಹೊಲಿಯುವವರಿಗೆ ಐದು ಸಾವಿರದ ವೇಗವೇಕೆ? ಹಳೆಯ ಕಾರ್ಖಾನೆ ಯಂತ್ರಗಳ ಕ್ಲಚ್ ಮೋಟಾರು ಸ್ವಿಚ್ಚು ಹಾಕಿದ ಕ್ಷಣದಿಂದ, ಹೊಲಿದರೂ ಬಿಟ್ಟರೂ, ತಿರುಗುತ್ತಲೇ ಇರುತ್ತದೆ. ಸರ್ವೋ ಮೋಟಾರು ಕಾಲು ಒತ್ತಿದಾಗ ಮಾತ್ರ ತಿರುಗುತ್ತದೆ. ಮನೆಬಳಕೆಯ ಸಣ್ಣ ಯಂತ್ರಕ್ಕೆ 100 ವ್ಯಾಟಿನ ಆಸುಪಾಸಿನ ಮೋಟಾರು ಇರುತ್ತದೆ. ಹತ್ತು ಗಂಟೆ ಬಿಡದೆ ಓಡಿದರೂ ಒಂದು ಯೂನಿಟ್ಟಿನಷ್ಟು ವಿದ್ಯುತ್ತು.

ಕೊಳ್ಳುವ ದಿನ ಬರಿಗೈಯಲ್ಲಿ ಹೋಗಬೇಡಿರಿ. ಅಂಗಡಿಯವರು ತೋರಿಸುವ ಗಟ್ಟಿ ಹತ್ತಿಯ ತುಂಡಿನ ಮೇಲೆ ಯಾವ ಯಂತ್ರವೂ ಚೆನ್ನಾಗಿಯೇ ಹೊಲಿಯುತ್ತದೆ. ನೀವು ದಿನವೂ ಹೊಲಿಯುವ ಲೈನಿಂಗ್ ಬಟ್ಟೆ, ರೇಷ್ಮೆಯ ಚೂರು, ಸಮವಸ್ತ್ರದ ಚೂರು ಮೂರನ್ನೂ ಒಯ್ದು ಹೊಲಿಸಿ ನೋಡಿರಿ. ತೆಳು ಬಟ್ಟೆಯ ಅಂಚು ಮುದುಡಿ ಸುರುಳಿಯಾದರೆ ದಾರದ ಬಿಗಿಯನ್ನು ಸಡಿಲಿಸಿ ಮತ್ತೆ ನೋಡಿರಿ. ಆಗಲೂ ಮುದುಡಿದರೆ ಆ ಯಂತ್ರ ನಿಮಗಲ್ಲ. ಆಮೇಲೆ ಅಂಗಡಿಯವರ ಮುಂದೆಯೇ ದಾರಗಳನ್ನೆಲ್ಲ ಕಿತ್ತು, ಅವರಿಂದ ಒಮ್ಮೆ ಪೋಣಿಸಿಸಿ, ನೀವೊಮ್ಮೆ ಪೋಣಿಸಿ. ಕೆಳಗಿನ ಲೂಪರಿಗೆ ದಾರ ಹಾಕುವುದೇ ಕಷ್ಟ; ನಮ್ಮ ಮಗಳಿಗೆ ಮೊದಲ ಸಲ ಇಪ್ಪತ್ತು ನಿಮಿಷ ಹಿಡಿಯಿತು. ದಿನನಿತ್ಯದ ಬಳಕೆಯಲ್ಲಿ ದಾರದ ಬಣ್ಣ ಬದಲಿಸುವಾಗ ಹಳೆಯ ದಾರಕ್ಕೆ ಹೊಸದನ್ನು ಗಂಟು ಹಾಕಿ ಎಳೆದುಕೊಳ್ಳಬಹುದು. ಸೂಜಿಯ ಕಣ್ಣಿನ ಬಳಿ ಮಾತ್ರ ಗಂಟನ್ನು ಕತ್ತರಿಸಿ ಕೈಯಿಂದ ಪೋಣಿಸಬೇಕು. ಸೂಜಿ ಯಾವುದೆಂಬುದನ್ನೂ ವಿಚಾರಿಸಿರಿ. ಕೆಲವು ಯಂತ್ರಗಳಿಗೆ ಸಾಮಾನ್ಯ ಹೊಲಿಗೆ ಯಂತ್ರದ ಸೂಜಿಯೇ ಹೊಂದುತ್ತದೆ, ಕೆಲವಕ್ಕೆ ಬೇರೆ. ನಿಮ್ಮ ಹತ್ತಿರದ ಪೇಟೆಯಲ್ಲಿ ಸಿಗದ ಸೂಜಿಯ ಯಂತ್ರ ಎಷ್ಟು ಒಳ್ಳೆಯದಾದರೂ ಒಂದು ದಿನ ಮೂಲೆ ಸೇರುತ್ತದೆ. ದಾರವನ್ನು ಇದು ಬಹಳ ತಿನ್ನುತ್ತದೆ. ಒಳಗೆ ಮರೆಯಾಗುವ ಅಂಚಾದುದರಿಂದ ಪ್ರತಿ ಬಟ್ಟೆಗೂ ಬಣ್ಣ ಹೊಂದಿಸಬೇಕಾಗಿಲ್ಲ. ಬಿಳಿ, ಕಪ್ಪು, ಬೂದು, ಕೆಂಪು ಇದ್ದರೆ ಸಾಗುತ್ತದೆ.

ಹಣದ ಮಾತಿಗೆ ಬರೋಣ. ಮನೆಯ ಬಾಗಿಲಿಗೇ ಬಂದು ವಾರದ ಕಂತಿನ ಸಾಲ ಕೊಡುವವರು ಇದ್ದಾರೆ. ಸಾಲ ವಸೂಲಿಯ ಕಿರುಕುಳದ ದೂರುಗಳು ಮಂಡ್ಯ ಜಿಲ್ಲೆಯೂ ಸೇರಿದಂತೆ ಹಲವು ಕಡೆಗಳಿಂದ ಬಂದ ಮೇಲೆ, 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಹೊಲಿಗೆಯ ಆದಾಯ ವಾರದ ಲೆಕ್ಕದಲ್ಲಿ ಬರುವುದಿಲ್ಲ. ಹಬ್ಬ, ಮದುವೆ, ಶಾಲೆಯ ಆರಂಭ ಎಂದು ಗೊಂಚಲಾಗಿ ಬರುತ್ತದೆ, ನಡುವೆ ತಿಂಗಳುಗಟ್ಟಲೆ ಬರಿದು. ಆದುದರಿಂದ ವಾರದ ಕಂತು ಈ ಕಾಯಕಕ್ಕೆ ಹೊಂದದು ಎಂಬುದು ನನ್ನ ಖಚಿತ ಅಭಿಪ್ರಾಯ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಹೊಲಿಗೆಯೂ ಒಂದು. ಅದರಲ್ಲಿ ತರಬೇತಿಯೊಡನೆ ಉಪಕರಣಕ್ಕೆ 15,000 ರೂಪಾಯಿಗಳವರೆಗೆ ನೆರವು, ಮೊದಲ ಹಂತದಲ್ಲಿ ಶೇ. 5ರ ಬಡ್ಡಿಗೆ ಒಂದು ಲಕ್ಷದವರೆಗೆ ಸಾಲ ಎಂದು ಗೊತ್ತುಮಾಡಿದ್ದಾರೆ. ಒಂದು ಕುಟುಂಬಕ್ಕೆ ಒಬ್ಬರೇ ಅರ್ಹರು. ಗ್ರಾಮ ಪಂಚಾಯಿತಿಯಲ್ಲಿ ಅಥವಾ ಸಾಮಾನ್ಯ ಸೇವಾ ಕೇಂದ್ರದಲ್ಲಿ ವಿಚಾರಿಸಬಹುದು.

ನಮ್ಮ ಮಗಳಿಗೆ ಅಷ್ಟು ಕಾಯುವ ತಾಳ್ಮೆ ಇರಲಿಲ್ಲ. ಸಾಲದ ಮಾತು ಬಂದಾಗ ಅದುವರೆಗೆ ಸುಮ್ಮನಿದ್ದ ಆಕೆಯ ಅತ್ತೆ ಒಳಗೆ ಹೋಗಿ ಬ್ಯಾಂಕಿನ ಪುಸ್ತಕವನ್ನು ತಂದು ನನ್ನ ಕೈಗಿತ್ತರು. 2023ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿಯ ಹಣ ಮನೆಯ ಯಜಮಾನಿಯ ಹೆಸರಿಗೆ ಬರುತ್ತದೆಯಷ್ಟೆ. ಕಂತು ಕಂತಾಗಿ ಬಂದದ್ದನ್ನು ಆ ತಾಯಿ ಮುಟ್ಟದೆ ಇಟ್ಟಿದ್ದರು. "ಅವಳು ಮತ್ತೆ ಕಾರ್ಖಾನೆ ಬಸ್ ಹತ್ತಬಾರ್ದು ಸ್ವಾಮಿ, ಮಕ್ಕಳು ಸೊರಗಿಹೋಗ್ತವೆ" ಎಂದರು. ಬೀಗರು ತಲೆಯೆತ್ತಲಿಲ್ಲ; ಬೇಡವೆಂದೂ ಹೇಳಲಿಲ್ಲ.

ಮೂರು ದಾರದ, ಅಲಗನ್ನು ಸರಿಸಬಹುದಾದ ಸಣ್ಣ ಯಂತ್ರವೊಂದು ಹೊಳಲಿನ ಆ ಮನೆಯ ಕಿಟಕಿಯ ಬಳಿ ಕುಳಿತಿದೆ. ಎರಡನೆಯ ವಾರದಲ್ಲಿಯೇ ಅನಾಹುತವೊಂದು ನಡೆಯಿತು. ಯಾರದೋ ರೇಷ್ಮೆ ರವಿಕೆಯ ತೋಳಿನ ಮಡಿಕೆ ಅಲಗಿನ ಕೆಳಗೆ ಸಿಕ್ಕಿ ಕತ್ತರಿಸಿಹೋಯಿತು. ಮಗಳು ಅದನ್ನು ಮುಚ್ಚಿಡದೆ ಆ ಮನೆಗೆ ಹೋಗಿ ತೋರಿಸಿ, ಕಂಕುಳಿನ ಬಳಿ ಅದೇ ಬಟ್ಟೆಯ ತುಂಡನ್ನು ಕೂಡಿಸಿ ಸರಿಪಡಿಸಿಕೊಟ್ಟಳು, ಕೂಲಿ ಪಡೆಯಲಿಲ್ಲ. ಆ ಮನೆಯವರು ಮುಂದಿನ ರವಿಕೆಯನ್ನೂ ಅವಳಿಗೇ ಕೊಟ್ಟಿದ್ದಾರೆಂದು ತಿಳಿಯಿತು. ಅಲಗಿನಿಂದ ಉದುರುವ ಚೂರುಗಳನ್ನು ಅತ್ತೆ ಒಂದು ಚೀಲದಲ್ಲಿ ಕೂಡಿಡುತ್ತಿದ್ದಾರೆ, ದಿಂಬಿಗೆ ತುಂಬಲು. ಮೊನ್ನೆ ಹೋಗಿದ್ದಾಗ ಬೀಗರು ತಮ್ಮ ಹೆಗಲ ಮೇಲಿನ ಹಳೆಯ ವಸ್ತ್ರವನ್ನು ತೆಗೆದು ನನಗೆ ತೋರಿಸಿದರು. ಅದರ ನಾಲ್ಕು ಅಂಚುಗಳಿಗೂ ಕೆಂಪು ದಾರದ ಹೊಲಿಗೆ ಬಿದ್ದಿತ್ತು.