ಸಂವಹನ ಪಾಠಕ್ಕೂ ಪ್ರಾಯೋಗಿಕ ತರಗತಿ ಕೊಡಿ

ಮಾನ್ಯ ಉನ್ನತ ಶಿಕ್ಷಣ ಸಚಿವರೇ,

ನಾನು ಪದವಿ ಕಾಲೇಜಿನಲ್ಲಿ ಸಂವಹನ ಕೌಶಲ ಪಾಠ ಮಾಡುವ ಅಧ್ಯಾಪಕಿ. 2024-25ರಿಂದ ರಾಜ್ಯದಲ್ಲಿ ಮೂರು ವರ್ಷದ ಪದವಿ ಮರಳಿ ಬಂದಿದೆ, ಪಠ್ಯಕ್ರಮವೂ ಬದಲಾಗಿದೆ. ಆದರೆ ಸಂವಹನವನ್ನು ಕಲಿಸುವ ರೀತಿ ಮಾತ್ರ ಹಳೆಯದೇ ಉಳಿದಿದೆ.

‘ಸಂವಹನದ ಅಡೆತಡೆಗಳನ್ನು ವಿವರಿಸಿ’ ಎಂಬ ಪ್ರಶ್ನೆಗೆ ನಮ್ಮ ವಿದ್ಯಾರ್ಥಿನಿ ಉಪಶೀರ್ಷಿಕೆಗಳಿಗೆ ಅಡಿಗೆರೆ ಎಳೆದು ಎರಡು ಪುಟ ಬರೆಯುತ್ತಾಳೆ, ಒಳ್ಳೆಯ ಅಂಕವನ್ನೂ ಪಡೆಯುತ್ತಾಳೆ. ಅವಳೇ ವಿದ್ಯಾರ್ಥಿವೇತನ ಜಮಾ ಆಗಿಲ್ಲವೆಂದು ಅರ್ಜಿ ಬರೆದರೆ ವಂದನೆಗಳೇ ನಾಲ್ಕು ಸಾಲು. ಯಾವ ವರ್ಷದ ಹಣ, ಯಾವ ಖಾತೆ ಎಂಬುದೇ ಅದರಲ್ಲಿಲ್ಲ. ತಪ್ಪು ಅವಳದಲ್ಲ. ಬರೆಸಿ, ತಿದ್ದಿ, ಮತ್ತೆ ಬರೆಸಲು ನಮ್ಮ ವೇಳಾಪಟ್ಟಿಯಲ್ಲಿ ಜಾಗವಿಲ್ಲ.

ತರಗತಿಯಲ್ಲಿ 60 ಮಂದಿ ಇದ್ದರೆ, 60 ನಿಮಿಷದ ಅವಧಿಯಲ್ಲಿ ತಲೆಗೊಂದು ನಿಮಿಷ. ಹಾಜರಿ ಕೂಗಿದರೆ ಅದೂ ಇಲ್ಲ. ಮನೆಯಲ್ಲಿ ಮೊದಲ ಬಾರಿಗೆ ಪದವಿ ಮೆಟ್ಟಿಲು ಹತ್ತಿದ ಹುಡುಗ ಎದ್ದು ನಿಂತು, ಸಂಕೋಚ ಬಿಟ್ಟು, ಒಂದು ವಿಷಯ ಹೇಳಿ ಮುಗಿಸಲು ಇಷ್ಟು ಸಾಕೇ? ರಸಾಯನಶಾಸ್ತ್ರದ ಪ್ರಯೋಗಕ್ಕೆ ತರಗತಿಯನ್ನು ತಂಡಗಳಾಗಿ ಒಡೆಯುತ್ತೇವೆ. ಮಾತು, ಬರಹಗಳೂ ಮಾಡಿಯೇ ಕಲಿಯಬೇಕಾದವು.

ಮಾಹಿತಿ ಹಕ್ಕಿನ ಅರ್ಜಿಯನ್ನೇ ನೋಡಿ. ನಮ್ಮ ರಾಜ್ಯದ ನಿಯಮದಂತೆ ಅದು ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದ ಮೀರಬಾರದು. ಊರಿನ ರಸ್ತೆ ಕಾಮಗಾರಿಯ ಬಗ್ಗೆ ಇಂಥ ಅರ್ಜಿ ಬರೆಯಿರಿ ಎಂದರೆ ಮೊದಲ ಕರಡಿನಲ್ಲಿ ಬರೀ ದೂರು ತುಂಬಿರುತ್ತದೆ. ತಿದ್ದುತ್ತ ಹೋದಂತೆ ಪ್ರಶ್ನೆಗಳು ಮೂಡುತ್ತವೆ: ಮಂಜೂರಾದ ಮೊತ್ತವೆಷ್ಟು? ಗುತ್ತಿಗೆದಾರರು ಯಾರು? ಕೆಲಸ ಮುಗಿಸಬೇಕಾದ ದಿನಾಂಕ ಯಾವುದು? ಯಾರಿಗೆ, ಏನನ್ನು, ಎಷ್ಟರಲ್ಲಿ ಹೇಳಬೇಕೆಂಬ ವಿವೇಕ ಬರುವುದು ಹೀಗೆ.

ಆದ್ದರಿಂದ ಮೂರು ಬೇಡಿಕೆಗಳು. ಸಂವಹನ ಪಾಠಕ್ಕೆ 20 ವಿದ್ಯಾರ್ಥಿಗಳ ತಂಡ ಮಾಡಿ, ವಾರಕ್ಕೊಂದು ಪ್ರಾಯೋಗಿಕ ಅವಧಿ ಕೊಡಿ. ಅರ್ಧದಷ್ಟು ಅಂಕಗಳನ್ನು ಮಾತು, ಆಲಿಸುವಿಕೆ ಮತ್ತು ತಿದ್ದಿ ಬರೆದ ಕರಡುಗಳಿಗೆ ಮೀಸಲಿಡಿ. ಸಂವಹನವೆಂದರೆ ಇಂಗ್ಲಿಷ್ ಎಂಬ ಭಾವನೆ ಹೋಗಲಿ, ಅಭ್ಯಾಸ ಕನ್ನಡದಲ್ಲೂ ಸಮನಾಗಿ ನಡೆಯಲಿ. ಗ್ರಾಮಸಭೆಯಲ್ಲಿ, ಆಸ್ಪತ್ರೆಯಲ್ಲಿ, ತಾಲ್ಲೂಕು ಕಚೇರಿಯಲ್ಲಿ ನಮ್ಮ ಮಕ್ಕಳಿಗೆ ಬೇಕಾಗುವುದು ಈ ಭಾಷೆಯೇ.

ಇದಕ್ಕೆ ಹೊಸ ಕಟ್ಟಡ ಬೇಡ, ದುಬಾರಿ ಯಂತ್ರಗಳೂ ಬೇಡ. ಅಧ್ಯಾಪಕರು ಬೇಕು, ಸಮಯ ಬೇಕು. ಬರುವ ಶೈಕ್ಷಣಿಕ ವರ್ಷದ ವೇಳಾಪಟ್ಟಿ ಸಿದ್ಧವಾಗುವ ಮುನ್ನವೇ ಈ ಬಗ್ಗೆ ಆದೇಶ ಹೊರಡಿಸಬೇಕೆಂದು ಕಳಕಳಿಯಿಂದ ಕೋರುತ್ತೇನೆ.

ಇಂತು ತಮ್ಮ ವಿಶ್ವಾಸಿ,
ಪದವಿ ಕಾಲೇಜಿನ ಓರ್ವ ಅಧ್ಯಾಪಕಿ