ಗಣಿತ ವಿನೋದ: ಚದುರಂಗದ ಮಹಾಸಂಖ್ಯೆ

ಚದುರಂಗದ ಹಲಗೆಯ ಮೊದಲನೆಯ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಇಮ್ಮಡಿಸುತ್ತ ಅರುವತ್ತನಾಲ್ಕು ಮನೆಗಳಿಗೂ ಧಾನ್ಯವನ್ನು ಬೇಡಿದ ಜಾಣನ ಕಥೆಯನ್ನು ನಮ್ಮ ವಾಚಕರು ಬಲ್ಲರು. ಕ್ರಿ. ಶ. ೧೦೦೦ದ ಸುಮಾರಿನಲ್ಲಿಯೇ ಅಲ್ ಬೀರೂನಿಯು ಈ ಲೆಕ್ಕವನ್ನು ವಿವರಿಸಿರುವನು. ಕಾಳುಗಳ ಮೊತ್ತವು ೧,೮೪,೪೬,೭೪,೪೦,೭೩,೭೦,೯೫,೫೧,೬೧೫. ಭಾಸ್ಕರಾಚಾರ್ಯನು ಲೀಲಾವತಿಯಲ್ಲಿ ಏಕದಿಂದ ಪರಾರ್ಧದವರೆಗೆ ಹದಿನೆಂಟು ಸ್ಥಾನಗಳನ್ನು ಹೆಸರಿಸಿರುವನಷ್ಟೆ. ಈ ಸಂಖ್ಯೆಗೆ ಅವು ಸಾಲವು. ಇದು ೧೮೪ ಪರಾರ್ಧಗಳನ್ನು ಮೀರಿದುದು. ಒಂದು ಗ್ರಾಮಿಗೆ ನಲವತ್ತು ಅಕ್ಕಿಕಾಳೆಂದು ಹಿಡಿದರೆ, ಇಂದಿನ ಪ್ರಪಂಚದ ಅಕ್ಕಿಯ ಬೆಳೆಯೆಲ್ಲವೂ ಸುಮಾರು ಒಂಬೈನೂರು ವರ್ಷ ಕೂಡಿಬಂದಲ್ಲದೆ ಈ ಋಣವು ತೀರದು.

ಕಥೆ ಹೇಳುವವರು ಇಲ್ಲಿಗೆ ನಿಲ್ಲಿಸುವರು. ಸಂಖ್ಯೆಯ ಒಡಲನ್ನು ಬಗೆದು ನೋಡುವವರು ವಿರಳ. ಕೊನೆಯ ಅಂಕವು ೫ ಆದುದರಿಂದ ಇದು ೫ರಿಂದ ಭಾಗವಾಗುವುದು. ಅಂಕಗಳನ್ನೆಲ್ಲ ಕೂಡಿದರೆ ೮೭ ಬರುವುದರಿಂದ ೩ರಿಂದಲೂ ನಿಶ್ಶೇಷವಾಗುವುದು. ಮಿಕ್ಕ ಭಾಜಕಗಳಿಗಾಗಿ ನಾವು ಛಂದಶ್ಶಾಸ್ತ್ರದ ಬಾಗಿಲಿಗೆ ಹೋಗಬೇಕು.

ಇಂತಿಷ್ಟು ಅಕ್ಷರಗಳ ಪಾದದಲ್ಲಿ ಲಘುಗುರುಗಳ ಭೇದದಿಂದ ಎಷ್ಟು ವೃತ್ತಗಳಾಗುವುವೆಂಬುದನ್ನು ತಿಳಿಯಲು ಪಿಂಗಳನು ಒಂದು ಉಪಾಯವನ್ನು ಸೂತ್ರಿಸಿರುವನು. ಅಕ್ಷರಸಂಖ್ಯೆಯನ್ನು ಅರ್ಧಿಸುತ್ತ ಹೋಗಬೇಕು. ಬೆಸವಾದಾಗ ಒಂದನ್ನು ಕಳೆಯಬೇಕು. ಶೂನ್ಯವಾದ ಬಳಿಕ ಒಂದರಿಂದ ಮೊದಲುಮಾಡಿ ಹಿಂದಿರುಗುವಾಗ, ಕಳೆದ ಕಡೆಯಲ್ಲಿ ಇಮ್ಮಡಿಸಿ ಅರ್ಧಿಸಿದ ಕಡೆಯಲ್ಲಿ ವರ್ಗಿಸತಕ್ಕದ್ದು. ೬೪ಕ್ಕೆ ಇಮ್ಮಡಿಯು ಒಂದೇ, ವರ್ಗಗಳು ಆರು. ಕ್ರಮವಾಗಿ ೨, ೪, ೧೬, ೨೫೬, ೬೫,೫೩೬, ೪,೨೯,೪೯,೬೭,೨೯೬ ಬರುವುವು. ಈ ಕಡೆಯದರ ವರ್ಗದಲ್ಲಿ ಒಂದನ್ನು ಕಳೆದರೆ ನಮ್ಮ ಸಂಖ್ಯೆ. ಈಗ ಈ ಆರು ಮೆಟ್ಟಿಲುಗಳಿಗೂ ಒಂದೊಂದನ್ನು ಕೂಡಿರಿ: ೩, ೫, ೧೭, ೨೫೭, ೬೫,೫೩೭, ೪,೨೯,೪೯,೬೭,೨೯೭. ಇವುಗಳ ಗುಣಲಬ್ಧವೇ ನಮ್ಮ ಮಹಾಸಂಖ್ಯೆ! ಏತಕ್ಕೆಂದರೆ, ಯಾವ ವರ್ಗದಲ್ಲಿಯೇ ಆಗಲಿ ಒಂದನ್ನು ಕಳೆದರೆ, ಉಳಿದುದು ಮೂಲಕ್ಕೆ ಒಂದನ್ನು ಕೂಡಿದುದರ ಮತ್ತು ಮೂಲದಿಂದ ಒಂದನ್ನು ಕಳೆದುದರ ಗುಣಲಬ್ಧವಾಗಿರುವುದು. ಕಳೆದ ಭಾಗವು ಮತ್ತೆ ಹಾಗೆಯೇ ಒಡೆಯುತ್ತ ಬರುವುದು.

ಇವುಗಳಲ್ಲಿ ಮೊದಲಿನ ಐದೂ ಅವಿಭಾಜ್ಯಗಳು. ಫ್ರಾನ್ಸ್ ದೇಶದ ಫರ್ಮಾ ಎಂಬ ಪಂಡಿತನು ೧೬೪೦ರಲ್ಲಿ, ಈ ಸಾಲಿನಲ್ಲಿ ಬರುವುವೆಲ್ಲವೂ ಹಾಗೆಯೇ ಎಂದು ನಂಬಿ ಬರೆದನು. ಐದು ಲೆಕ್ಕ ಸರಿಬಂದೊಡನೆ ಹಲಗೆಯನ್ನು ಒರಸಿಬಿಡುವ ಹುಡುಗರನ್ನು ಬಹುಕಾಲ ನೋಡಿದ ನಮಗೆ ಈ ಮಹನೀಯನಲ್ಲಿ ಸಲಿಗೆಯೇ ಹುಟ್ಟುವುದು. ೧೭೩೨ರಲ್ಲಿ ಆಯ್ಲರನು ಆರನೆಯದನ್ನು ಒಡೆದನು: ಅದು ೬೪೧ ಮತ್ತು ೬೭,೦೦,೪೧೭ರ ಗುಣಲಬ್ಧ. ಅದರ ಅವಿಭಾಜ್ಯ ಭಾಜಕವು ೬೪ರ ಅಪವರ್ತ್ಯಕ್ಕಿಂತ ಒಂದು ಹೆಚ್ಚಾಗಿಯೇ ಇರಬೇಕೆಂಬ ನಿಯಮವು ತಿಳಿದಿದ್ದರೆ, ೧೯೩, ೨೫೭, ೪೪೯, ೫೭೭ ಇಷ್ಟನ್ನು ದಾಟಿ ಐದನೆಯ ಭಾಗಾಹಾರಕ್ಕೇ ೬೪೧ ಕೈಗೆ ಸಿಕ್ಕುವುದು. ಮನೆಯ ಮಕ್ಕಳು ಒಂದು ಸಂಜೆಯಲ್ಲಿ ಮಾಡಬಹುದಾದ ಕೆಲಸ. ಆ ಸಾಲಿನಲ್ಲಿ ಆರನೆಯ ಅವಿಭಾಜ್ಯವೊಂದು ಇಂದಿನವರೆಗೂ ಯಾರಿಗೂ ದೊರೆತಿಲ್ಲ.

ಹೀಗೆ ನಮ್ಮ ಸಂಖ್ಯೆಗೆ ಬೇರೆ ಬೇರೆಯಾದ ಏಳು ಅವಿಭಾಜ್ಯ ಭಾಜಕಗಳಾದುವು. ಪ್ರತಿಯೊಂದನ್ನೂ ತೆಗೆದುಕೊಳ್ಳಬಹುದು, ಬಿಡಬಹುದು. ಲಘು, ಗುರು ಎಂಬಂತೆ. ಆದುದರಿಂದ ಒಂದನ್ನೂ ತನ್ನನ್ನೂ ಸೇರಿಸಿ ಇದಕ್ಕಿರುವ ಭಾಜಕಗಳು ೧೨೮. ಏಳಕ್ಷರದ ಉಷ್ಣಿಕ್ ಛಂದಸ್ಸಿನ ಸಮವೃತ್ತಗಳೂ ಅಷ್ಟೇ.