ಎತ್ತರ ಸಿಗುತ್ತೆ, ನಿಧಾನ ಸಿಗಲ್ಲ ಸ್ವಾಮಿ!

ಮೆಲ್ಬರ್ನಿನಲ್ಲಿ ನಾಲ್ಕು ಜನ ಕನ್ನಡದವರು ಸೇರಿದರೆ ಮೊದಲು ಮನೆ ಸಾಲದ ಬಡ್ಡಿ, ಆಮೇಲೆ ಮಕ್ಕಳ ಟ್ಯೂಷನ್ನು. ಬಿಸಿಬೇಳೆಬಾತ್ ಮುಗಿದು ಮೊಸರನ್ನಕ್ಕೆ ಬರುವಷ್ಟರಲ್ಲಿ ಮಾತು ಕಾರಿಗೆ ಬಂದಿರುತ್ತೆ. ಈಗೀಗ ಅದರಲ್ಲೂ ಒಂದೇ ರಾಗ. "ಫಾರೆಸ್ಟರ್‌ಗೆ ಎರಡು ಇಂಚು ಲಿಫ್ಟ್ ಹಾಕಿಸಿದೆ ಕಣ್ರೀ, ಇನ್ನು ಲ್ಯಾಂಡ್ ಕ್ರೂಸರ್ ಹೋಗೋ ಕಡೆಗೆಲ್ಲಾ ಇದೂ ಹೋಗುತ್ತೆ, ಅರ್ಧಕ್ಕರ್ಧ ದುಡ್ಡಲ್ಲಿ!"

ನಾನು ಇದನ್ನು ಒಪ್ಪುವುದಿಲ್ಲ. ಒಪ್ಪುವುದಿಲ್ಲ ಅಂತ ಅಲ್ಲಿ ಹೇಳಿದರೆ ಊಟ ಕಹಿಯಾಗುತ್ತೆ, ಅದಕ್ಕೇ ಇಲ್ಲಿ ಬರೀತಿದ್ದೀನಿ.

ನನ್ನ ಮೇಲೆ ಕತ್ತಿ ಮಸೆಯುವ ಮೊದಲು ಒಂದು ಮಾತು. ನನ್ನದೂ ಸುಬಾರುನೇ. ಹಳೇ ಮ್ಯಾನುಯಲ್ ಫಾರೆಸ್ಟರ್. ಲ್ಯಾಂಡ್ ಕ್ರೂಸರ್ ಕಂಪನಿಯವರು ನನಗೇನೂ ಸಂಬಳ ಕೊಡ್ತಿಲ್ಲ.

ಭಾರತದಲ್ಲಿ ಸುಬಾರು ಮಾರಾಟಕ್ಕಿಲ್ಲ, ಹಾಗಾಗಿ ಊರಿನಲ್ಲಿರುವ ಬ್ಲಾಗ್ ಮಿತ್ರರಿಗೆ ಸ್ವಲ್ಪ ಪುರಾಣ ಹೇಳಬೇಕು. ಜಪಾನಿನ ಉತ್ತರ ಭಾಗದ ತೊಹೊಕು ವಿದ್ಯುತ್ ಕಂಪನಿಯವರಿಗೆ ಹಿಮದ ದಾರಿಯಲ್ಲಿ ಲೈನ್ ನೋಡಿಕೊಳ್ಳುವ ಕೆಲಸಗಾರರನ್ನು ಕಳಿಸಲು ಗಾಡಿ ಬೇಕಿತ್ತು. ಜೀಪಿನಲ್ಲಿ ಚಳಿ, ಕುಲುಕಾಟ. ಕಾರಿನಷ್ಟು ಸುಖವಾಗಿದ್ದು ನಾಲ್ಕೂ ಚಕ್ರ ತಿರುಗುವಂಥದ್ದು ಬೇಕು ಅಂತ ಕೇಳಿದರು. ಆ ಬೇಡಿಕೆಯಿಂದ ಹುಟ್ಟಿದ್ದು 1972ರ ಲಿಯೋನೆ ಫೋರ್ ವೀಲ್ ಡ್ರೈವ್. ಅಂದರೆ ಹಿಮ ಬಿದ್ದ ರಸ್ತೆಯಲ್ಲಿ ಜಾರದೆ ಹೋಗುವುದು ಸುಬಾರುವಿನ ಜಾತಕದಲ್ಲೇ ಬರೆದದ್ದು. ಬಂಡೆ ಹತ್ತುವುದು ಬರೆದದ್ದಲ್ಲ.

ಈಗ ನನ್ನ ವಾದ. ದುಡ್ಡು ಕೊಟ್ಟರೆ ಸುಬಾರುಗೆ ಎತ್ತರ ಸಿಗುತ್ತೆ. ಒಳ್ಳೇ ಟೈರು ಸಿಗುತ್ತೆ. ತಲೆ ಮೇಲೆ ಟೆಂಟು, ಮೂತಿಗೆ ದೀಪದ ಸಾಲು, ಮಗ್ಗುಲಲ್ಲಿ ಆನೆ ಸೊಂಡಿಲಿನಂಥ ಸ್ನಾರ್ಕೆಲ್ಲು, ಎಲ್ಲಾ ಸಿಗುತ್ತೆ. ಸಿಗದೇ ಇರುವುದು ಒಂದೇ, ನಿಧಾನ. ನಿಧಾನವೇ ಪ್ರಧಾನ ಅಂತ ನಮ್ಮ ಹಿರಿಯರು ಹೇಳಿದ್ದು ಕಾಡುದಾರಿಗೆ ಅಕ್ಷರಶಃ ಅನ್ವಯಿಸುತ್ತೆ.

ಕೊಲ್ಲೂರಿನ ಕಡೆಯಿಂದ ಕೊಡಚಾದ್ರಿಗೆ ಜೀಪಿನಲ್ಲಿ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಕೊರಕಲು ದಾರಿಯಲ್ಲಿ ಜೀಪು ಓಡುವುದಿಲ್ಲ, ತೆವಳುತ್ತೆ. ಒಂದೊಂದು ಕಲ್ಲಿನ ಮೇಲೂ ಒಂದೊಂದು ಚಕ್ರ ಇಟ್ಟು, ಯೋಚಿಸಿ, ಇನ್ನೊಂದು ಚಕ್ರ ಇಡುತ್ತೆ. ಹಾಗೆ ತೆವಳಿಸುವುದೇ ಲೋ ರೇಂಜ್. ಮಾಮೂಲಿ ಗೇರುಗಳ ಹಿಂದೆ ಇನ್ನೊಂದು ಗೇರು ಪೆಟ್ಟಿಗೆ. ಅದು ಎಂಜಿನ್ನಿನ ತಿರುಗಾಟವನ್ನು ತಗ್ಗಿಸಿ ಅಷ್ಟೇ ಪಟ್ಟು ಬಲವನ್ನು ಚಕ್ರಕ್ಕೆ ಹೆಚ್ಚಿಸುತ್ತೆ.

ಲೆಕ್ಕ ಹಾಕಿ ನೋಡೋಣ. ನನ್ನ ಫಾರೆಸ್ಟರ್‌ನಂಥ ಹಳೇ ಮ್ಯಾನುಯಲ್‌ನಲ್ಲಿ ಮೊದಲನೇ ಗೇರು ಹಾಕಿದಾಗ ಎಂಜಿನ್ ಸುಮಾರು 15 ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು. ಎಂಜಿನ್ ನಿಮಿಷಕ್ಕೆ ಸಾವಿರ ಸುತ್ತು ಓಡುತ್ತಿದ್ದರೆ ಗಾಡಿಯ ವೇಗ ಗಂಟೆಗೆ ಎಂಟೂವರೆ ಕಿ.ಮೀ. ಹತ್ತಿರ. ಅದರಲ್ಲಿ ಒಂದು ಪುಟ್ಟ ಲೋ ರೇಂಜ್ ಲಿವರ್ ಇದೆ, 1.447 ಪಟ್ಟಿನದು. ಅದನ್ನು ಎಳೆದರೆ ವೇಗ ಆರರ ಹತ್ತಿರಕ್ಕೆ ಇಳಿಯುತ್ತೆ. ಆದರೂ ನಾವು ನೀವು ನಡೆಯುವುದಕ್ಕಿಂತ ಜೋರೇ.

ಅದೇ ಜಿಮ್ನಿ ನೋಡಿ. ಮಾರುತಿಯವರು 2023ರಲ್ಲಿ ಊರಿನಲ್ಲಿ ಬಿಟ್ಟರಲ್ಲ, ಐದು ಬಾಗಿಲಿನದು. ಅಲ್ಲೇ ತಯಾರಾಗಿ ಇಲ್ಲಿಗೂ ಬಂದಿದೆ. ಲೋ ರೇಂಜಿನ ಮೊದಲ ಗೇರಿನಲ್ಲಿ 36 ಸುತ್ತಿಗೆ ಒಂದು ಸುತ್ತು, ವೇಗ ಮೂರೂವರೆ ಕಿ.ಮೀ. ಇಲ್ಲಿನ ರೈತರ ನೆಚ್ಚಿನ 79 ಸರಣಿಯ ಲ್ಯಾಂಡ್ ಕ್ರೂಸರ್ ಐದು ಗೇರಿನ ಮ್ಯಾನುಯಲ್‌ನಲ್ಲಿ 44 ಸುತ್ತಿಗೆ ಒಂದು, ವೇಗ ಇನ್ನೂ ಸ್ವಲ್ಪ ಕಡಿಮೆ. ಮ್ಯಾನುಯಲ್ ಜೀಪ್ ರಾಂಗ್ಲರ್ ರೂಬಿಕಾನ್ 84ಕ್ಕೆ ಒಂದು. ಗಂಟೆಗೆ ಎರಡು ಕಿ.ಮೀ. ದಾಟುವುದಿಲ್ಲ! ಪಕ್ಕದಲ್ಲಿ ಅಜ್ಜಿ ನಡೆದರೂ ಮುಂದೆ ಹೋಗಿ ಕಾಯಬೇಕು.

"ಅಯ್ಯೋ, ಮೂರೂವರೆಗೂ ಎಂಟೂವರೆಗೂ ಏನು ಮಹಾ ವ್ಯತ್ಯಾಸ?" ಅನ್ನಬೇಡಿ. ಕಲ್ಲಿಗೆ ಬಡಿದಾಗಿನ ಪೆಟ್ಟು ವೇಗದ ವರ್ಗಕ್ಕೆ ತಕ್ಕ ಹಾಗೆ ಏರುತ್ತೆ, ಹೈಸ್ಕೂಲಿನಲ್ಲಿ ಓದಿದ್ದೇ. ಅಷ್ಟೇ ತೂಕದ ಗಾಡಿಯಾದರೆ ಸುಮಾರು ಆರು ಪಟ್ಟು. ಅದೂ ಎಂಟೂವರೆಗೇ ನಿಂತರೆ. ಕಡಿದಾದ ಏರಿನಲ್ಲಿ ಗೇರಿನ ಬಲ ಸಾಲದಾದಾಗ ಸುಬಾರು ಸವಾರ ಏನು ಮಾಡ್ತಾನೆ ಹೇಳಿ? ಕೆಳಗಿನಿಂದಲೇ ಓಟ ಕಟ್ಟಿಕೊಂಡು ಬರ್ತಾನೆ. ಇಪ್ಪತ್ತು, ಇಪ್ಪತ್ತೈದು. ಗೇರಿನಲ್ಲಿ ಇಲ್ಲದ್ದನ್ನು ವೇಗದಲ್ಲಿ ತುಂಬಿಸ್ತಾನೆ. ಇಡೀ ಜಗಳದ ಮೂಲ ಇಲ್ಲಿದೆ. ವಿಡಿಯೋದಲ್ಲಿ ಸುಬಾರು ಹಾರಿ, ಕುಣಿದು, ಮಣ್ಣು ಚಿಮ್ಮಿಸಿ ಮೇಲೆ ಹತ್ತಿದಾಗ ಚಪ್ಪಾಳೆ. ಅದೇ ಏರನ್ನು ಹಿಂದೆಯೇ ಬಂದ ಜಿಮ್ನಿ ಸದ್ದಿಲ್ಲದೆ ಹತ್ತಿದರೆ ಅದನ್ನು ಯಾರೂ ನೋಡಲ್ಲ, ಬೋರಿಂಗು. ಕಾಡಿನಲ್ಲಿ ಬೋರಿಂಗೇ ಚೆಂದ ಸ್ವಾಮಿ.

ಈಗ ಎತ್ತರದ ವಿಷಯ. ತಮಾಷೆ ಏನು ಗೊತ್ತಾ? ಲಿಫ್ಟ್ ಹಾಕಿಸುವ ಮೊದಲೇ ಫಾರೆಸ್ಟರ್ ಜಿಮ್ನಿಗಿಂತ ಎತ್ತರ! ಹೊಟ್ಟೆಯಡಿ ಫಾರೆಸ್ಟರ್‌ಗೆ 220 ಮಿ.ಮೀ., ಜಿಮ್ನಿಗೆ 210. ಹಾಗಾದರೆ ಫಾರೆಸ್ಟರ್ ಯಾಕೆ ಮೂತಿ ಕೆರೆದುಕೊಳ್ಳುತ್ತೆ? ಏರು ಶುರುವಾಗುವಲ್ಲಿ ಮೊದಲು ತಾಗುವುದು ಬಂಪರ್. ಫಾರೆಸ್ಟರ್‌ನ ಮೂತಿ ಚಕ್ರಕ್ಕಿಂತ ಬಹಳ ಮುಂದೆ ಚಾಚಿದೆ. ಮುಂದೆ ಸುಮಾರು 20 ಡಿಗ್ರಿ ಏರನ್ನಷ್ಟೇ ತಾಗದೆ ಹತ್ತಬಲ್ಲದು, ಹಿಂದೆ ಸುಮಾರು 25. ಜಿಮ್ನಿಗೆ ಮುಂದೆ 36, ಹಿಂದೆ 45ಕ್ಕೂ ಮೇಲೆ. ಎರಡು ಇಂಚು ಎತ್ತಿದರೆ ಫಾರೆಸ್ಟರ್‌ಗೆ ಕೆಲವು ಡಿಗ್ರಿ ಸಿಗುತ್ತೆ ನಿಜ, ಆದರೂ ಜಿಮ್ನಿಯ ಹತ್ತಿರ ಸುಳಿಯಲ್ಲ.

ಲಿಫ್ಟಿನ ಇನ್ನೊಂದು ಗುಟ್ಟನ್ನು ಯಾರೂ ಹೇಳಲ್ಲ. ಸ್ಟ್ರಟ್ಟಿನ ಮೇಲೆ ಬಿಲ್ಲೆ ಇಟ್ಟು ದೇಹ ಎತ್ತಿದರೆ ಚಕ್ರ ಮೇಲೆ ಕೆಳಗೆ ಆಡುವ ಅಳತೆ ಒಂದು ಕೂದಲೂ ಹೆಚ್ಚುವುದಿಲ್ಲ. ಡ್ರೈವ್ ಶಾಫ್ಟಿನ ಕೀಲುಗಳು ಮಾತ್ರ ಮೊದಲಿಗಿಂತ ಓರೆಯಾಗಿ ತಿರುಗಬೇಕು, ಬೇಗ ಸವೆಯುತ್ತವೆ. ಒಂದು ಮುಂದಿನ ಚಕ್ರ, ಅದಕ್ಕೆ ಎದುರು ಮೂಲೆಯ ಹಿಂದಿನ ಚಕ್ರ, ಎರಡೂ ಗಾಳಿಯಲ್ಲಿ ನೇತಾಡುವುದು ಎತ್ತಿದ ಸುಬಾರುಗೂ ತಪ್ಪಿದ್ದಲ್ಲ. ಜಿಮ್ನಿಯದು ಗಟ್ಟಿ ಆಕ್ಸಲ್ಲು. ಒಂದು ಬದಿ ಮೇಲೆ ಒತ್ತಿದರೆ ಇನ್ನೊಂದು ಬದಿಯನ್ನು ಅದೇ ಕೆಳಗೆ ನೂಕುತ್ತೆ, ನೆಲ ಬಿಡಲು ಒಪ್ಪಲ್ಲ.

"ಎಕ್ಸ್ ಮೋಡ್ ಇದೆಯಲ್ಲ?" ಅಂತ ಹೊಸ ಮಾಡೆಲಿನವರು ಕೇಳ್ತಾರೆ. ಇದೆ, ಒಳ್ಳೆಯದೇ. ಸುಮ್ಮನೆ ತಿರುಗುತ್ತಿರುವ ಚಕ್ರಕ್ಕೆ ಬ್ರೇಕ್ ಹಿಡಿದು ಬಲವನ್ನು ಆಚೆಯ ಚಕ್ರಕ್ಕೆ ದಾಟಿಸುತ್ತೆ. ಆದರೆ ಅದಕ್ಕೆ ಮೊದಲು ಚಕ್ರ ಜಾರಬೇಕು, ಆಮೇಲೆ ಅದು ಹಿಡಿಯಬೇಕು. ಡಿಫ್ ಲಾಕ್ ಇರುವ ಗಾಡಿಯಲ್ಲಿ ಎರಡು ಚಕ್ರ ಮೊದಲಿಂದಲೇ ಒಟ್ಟಿಗೆ ತಿರುಗುತ್ತವೆ, ಜಾರುವ ಮಾತೇ ಕಡಿಮೆ. ಇನ್ನು ಸಿವಿಟಿ. ಉದ್ದನೆಯ ಏರಿನಲ್ಲೋ ಮೆತ್ತನೆ ಮರಳಿನಲ್ಲೋ ನಿಧಾನಕ್ಕೆ ಎಳೆಸಿದರೆ ಎಣ್ಣೆ ಕಾದು ದೀಪ ಮಿನುಗುತ್ತೆ, ಗಾಡಿ ತಾನೇ ಬಲ ಕಡಿಮೆ ಮಾಡಿಕೊಳ್ಳುತ್ತೆ. ನಿಧಾನ ಹೋಗಿ ಅಂತ ನಾನು ಹೇಳಿದರೂ ಗಾಡಿ ಒಪ್ಪಬೇಕಲ್ಲ!

"ನಮ್ಮ ಪಕ್ಕದ ತೋಟದವನು ಮೂವತ್ತು ವರ್ಷ ಸುಬಾರು ಬ್ರಂಬಿಯಲ್ಲೇ ಗುಡ್ಡ ಹತ್ತಿದ" ಅನ್ನುವವರು ಇಲ್ಲಿ ಬಹಳ. ಹೌದು, 1978ರಿಂದ 1994ರವರೆಗೆ ಇಲ್ಲಿ ಮಾರಿದ ಆ ಪುಟ್ಟ ಪಿಕಪ್ ಇವತ್ತಿಗೂ ಹಳ್ಳಿಗಳಲ್ಲಿ ಓಡಾಡುತ್ತೆ. ಆದರೆ ಬ್ರಂಬಿಗೆ ಲೋ ರೇಂಜ್ ಇತ್ತು ಸ್ವಾಮಿ! ಮೈಯೂ ಹಗುರ. 2013ರ ಹೊಸ ಫಾರೆಸ್ಟರ್ ಬಂದಾಗ ಮ್ಯಾನುಯಲ್‌ನಲ್ಲೂ ಆ ಲಿವರ್ ಮಾಯವಾಯಿತು. 2018ರ ಮಾಡೆಲಿನಿಂದ ಮ್ಯಾನುಯಲ್ಲೇ ಮಾಯ. ತಾತನ ಪೌರುಷವನ್ನು ಮೊಮ್ಮಗನ ಖಾತೆಗೆ ಬರೆದುಕೊಂಡರೆ ಹೇಗೆ?

ಕಾಡು ಕಾಯುವವರ ಮಾತನ್ನೂ ಕೇಳಿ. ಕ್ವೀನ್ಸ್‌ಲ್ಯಾಂಡಿನ ದೊಡ್ಡ ಮರಳಿನ ದ್ವೀಪಕ್ಕೆ, 2023ರಲ್ಲಿ ಫ್ರೇಸರ್ ಅನ್ನುವ ಹೆಸರು ಕಳಚಿ ತನ್ನ ಮೂಲ ಹೆಸರಿಗೆ ಮರಳಿತಲ್ಲ ಅಲ್ಲಿಗೆ, ಎತ್ತರದ, ಲೋ ರೇಂಜ್ ಇರುವ ಗಾಡಿ ತನ್ನಿ ಅನ್ನುತ್ತಾರೆ ಪಾರ್ಕಿನವರು. ಅಮೆರಿಕದ ಯೂಟಾದ ಕ್ಯಾನ್ಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದವರಂತೂ ಫೋರ್ ವೀಲ್ ಡ್ರೈವ್ ಅಂದರೆ ಏನು ಅಂತಲೇ ಬರೆದಿಟ್ಟಿದ್ದಾರೆ. ಎಂಟು ಇಂಚು ಎತ್ತರ ಬೇಕು, ತಗ್ಗು ಗೇರಿನ ಟ್ರಾನ್ಸ್‌ಫರ್ ಕೇಸೂ ಬೇಕು. ಎಂಟು ಇಂಚಿನ ಪರೀಕ್ಷೆಯಲ್ಲಿ ಹೊಸ ಫಾರೆಸ್ಟರ್ ಪಾಸು. ಗೇರಿನ ಪರೀಕ್ಷೆಯಲ್ಲಿ ನಪಾಸು.

ಇಷ್ಟೆಲ್ಲಾ ಯಾಕೆ ಹೊಟ್ಟೆ ಉರಿದುಕೊಂಡು ಬರೀತಿದ್ದೀನಿ ಅಂದರೆ, ಇದು ಬರೀ ಕಾರಿನ ಜಗಳ ಅಲ್ಲ. ಹೊಸದಾಗಿ ಬಂದ ನಮ್ಮ ಹುಡುಗರು ಸೆಕೆಂಡ್ ಹ್ಯಾಂಡ್ ಫಾರೆಸ್ಟರ್ ತಗೋತಾರೆ, ವಿಡಿಯೋ ನೋಡಿ ಲಿಫ್ಟ್ ಹಾಕಿಸ್ತಾರೆ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ವಿಕ್ಟೋರಿಯಾದ ಹೈ ಕಂಟ್ರಿಗೆ ಹೊರಡ್ತಾರೆ. ಅಲ್ಲಿ ಎಷ್ಟೋ ಕಡೆ ಮೊಬೈಲ್ ಸಿಗ್ನಲ್ ಇಲ್ಲ. ಕಳೆದ ಬೇಸಿಗೆಯಲ್ಲಿ ಒಂದು ಏರಿನಲ್ಲಿ ನಾನೇ ನೋಡಿದೆ. ಎತ್ತಿದ ಫಾರೆಸ್ಟರ್ ಒಂದು ಮೂರನೇ ಸಲ ಓಟ ಕಟ್ಟಿಕೊಂಡು ಬಂತು, ಮುಕ್ಕಾಲು ಹತ್ತಿ ಚಕ್ರ ಗಿರಗಿರ ತಿರುಗಿ ನಿಂತಿತು, ಆಮೇಲೆ ಹಿಂದಕ್ಕೆ ಜಾರಿ ಕೊರಕಲಿಗೆ ಅಡ್ಡಡ್ಡ ಕೂತಿತು. ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳು. ಪುಣ್ಯಕ್ಕೆ ಪ್ರಪಾತದ ಬದಿಗೆ ವಾಲಲಿಲ್ಲ. ಮಕ್ಕಳನ್ನು ಇಳಿಸಿ ಗಾಡಿ ಹೊರಗೆ ಎಳೆಯುವಷ್ಟರಲ್ಲಿ ಎರಡು ಗಂಟೆ.

ಎಳೆಯುವುದೂ ಸುಲಭ ಅಲ್ಲ. ಕಾರಿನ ಜೊತೆ ಬರುವ ತಿರುಪಿನ ಕೊಕ್ಕೆ ರಸ್ತೆಯ ಮೇಲೆ ಮೆಲ್ಲಗೆ ಎಳೆಯಲಿಕ್ಕೆ. ಹೂತ ಗಾಡಿಯನ್ನು ಸ್ನ್ಯಾಚ್ ಪಟ್ಟಿಯಿಂದ ಜಗ್ಗಿದರೆ ಅದು ಕಿತ್ತುಬಂದು ಗುಂಡಿನ ಹಾಗೆ ಹಾರಬಹುದು. ಟೋ ಬಾಲ್‌ಗೆ ಪಟ್ಟಿ ಸಿಕ್ಕಿಸಿ ಎಳೆಯಲು ಹೋಗಿ, ಅದು ಮುರಿದು ಹಾರಿ, ಈ ದೇಶದಲ್ಲಿ ಜನ ಸತ್ತಿದ್ದಾರೆ. ದೀಪದ ಸಾಲಿಗೆ ಸುರಿಯುವ ದುಡ್ಡನ್ನು ಗಟ್ಟಿಯಾದ ಕೊಕ್ಕೆಗೆ ಹಾಕಿ ಅಂತ ನಾನು ಬಡಕೊಳ್ಳುವುದು ಇದಕ್ಕೇ.

ದಾರಿಯ ಕಥೆಯೂ ಇದೆ. ಓಟ ಕಟ್ಟಿಕೊಂಡು ಚಕ್ರ ತಿರುಗಿಸಿದ ಪ್ರತಿ ಸಲ ಅಲ್ಲೊಂದು ಗುಂಡಿ. ಮಳೆ ಬಂದರೆ ಆ ಗುಂಡಿಯೇ ಕಾಲುವೆ. ಮಣ್ಣು ನೆನೆದಾಗ ದಾರಿ ಹಾಳಾಗಬಾರದು ಅಂತಲೇ ಇಲ್ಲಿ ಜೂನ್ ಮಧ್ಯದಿಂದ ಅಕ್ಟೋಬರ್ ಕೊನೆಯವರೆಗೆ ಬೆಟ್ಟದ ಎಷ್ಟೋ ದಾರಿಗಳಿಗೆ ಬೀಗ ಬೀಳುತ್ತೆ. ತೆವಳುವ ಗಾಡಿ ದಾರಿಯನ್ನೂ ಉಳಿಸುತ್ತೆ.

ಹಾಗಂತ ದೊಡ್ಡ ಗಾಡಿಯವರು ಮೀಸೆ ತಿರುವಬೇಕಿಲ್ಲ. ಸುಮಾರು ಲಕ್ಷ ಡಾಲರ್ ಸುರಿದು ಲ್ಯಾಂಡ್ ಕ್ರೂಸರ್ 300 ತಂದು, ಅದರಲ್ಲಿ ಮಗನನ್ನು ಈಜು ಕ್ಲಾಸಿಗೆ ಬಿಟ್ಟುಬರುವ ಮಹನೀಯರು ನನಗೆ ಗೊತ್ತು. ಲೋ ರೇಂಜಿನ ಗುಂಡಿ ಎಲ್ಲಿದೆ ಅಂತ ಅವರಿಗೇ ಗೊತ್ತಿಲ್ಲ. ಎರಡೂವರೆ ಟನ್ನಿನ ಅಂಥ ಗಾಡಿ ಟೈರಿನ ಗಾಳಿ ಇಳಿಸದೆ ಮರಳಿಗೆ ಇಳಿದರೆ ಹೂತುಹೋಗುತ್ತೆ. ಟೈರಿನ ಗಾಳಿಯನ್ನು 18ಕ್ಕೆ ಇಳಿಸಿದ ಹಗುರ ಫಾರೆಸ್ಟರ್ ಗಟ್ಟಿ ಮರಳಿನ ಮೇಲೆ ಅದರ ಪಕ್ಕದಲ್ಲೇ ನಗುತ್ತಾ ಹೋಗುತ್ತೆ. ಜಲ್ಲಿ ರಸ್ತೆ, ಹಿಮದ ರಸ್ತೆ, ಸಾವಿರ ಕಿ.ಮೀ. ಹೆದ್ದಾರಿ, ಈ ಮೂರರಲ್ಲಿ ನಾನು ಕಣ್ಣುಮುಚ್ಚಿ ಸುಬಾರುನೇ ಆರಿಸ್ತೀನಿ.

ಅದಕ್ಕೇ ಹೇಳುವುದು, ಸುಬಾರುವನ್ನು ಸುಬಾರುವಾಗಿ ಇರಲು ಬಿಡಿ. ಆಲ್ ಟೆರೇನ್ ಟೈರು ಹಾಕಿಸಿ. ಹೊಟ್ಟೆಯಡಿಗೆ ಒಂದು ಲೋಹದ ತಟ್ಟೆ ಹಾಕಿಸಿ. ಪೂರ್ಣ ಅಳತೆಯ ಸ್ಟೆಪ್ನಿ, ಗಾಳಿ ತುಂಬುವ ಕಂಪ್ರೆಸರ್, ಸಲಿಕೆ, ಸರಿಯಾದ ಕೊಕ್ಕೆ ಇಟ್ಟುಕೊಳ್ಳಿ. ಅಲ್ಲಿಗೆ ನಿಲ್ಲಿಸಿ. ಅದಕ್ಕಿಂತ ಕಡಿದಾದ ದಾರಿಯ ಹುಚ್ಚು ಹಿಡಿದಿದ್ದರೆ ಲಿಫ್ಟು, ಸ್ನಾರ್ಕೆಲ್ಲು, ದೀಪಕ್ಕೆಲ್ಲಾ ಖರ್ಚು ಮಾಡುವುದನ್ನು ಕೂಡಿಟ್ಟು, ಫಾರೆಸ್ಟರನ್ನೂ ಮಾರಿ, ಹಳೇ ಜಿಮ್ನಿಯನ್ನೋ ಪ್ರಾಡೋವನ್ನೋ ತನ್ನಿ.

"ಗಾಡಿಗಿಂತ ಓಡಿಸುವವನು ಮುಖ್ಯ" ಅಂತ ಕೊನೆಗೊಂದು ಅಸ್ತ್ರ ಬಿಡ್ತೀರಿ, ಗೊತ್ತು. ಖಂಡಿತ ಹೌದು. ಆದರೆ ನಾನು ನೋಡಿದ ಒಳ್ಳೇ ಸುಬಾರು ಸವಾರರೆಲ್ಲ ಏರಿನ ಬುಡದಲ್ಲಿ ಗಾಡಿ ನಿಲ್ಲಿಸಿ, ಇಳಿದು ಮೇಲಿನವರೆಗೆ ನಡೆದು ನೋಡಿ, ಎರಡರಲ್ಲಿ ಒಂದು ಸಲ "ಇದು ನಮ್ಮದಲ್ಲ" ಅಂತ ವಾಪಸ್ ತಿರುಗಿಸಿದವರು. ಹಾಗೆ ತಿರುಗಿಸುವ ಗುಂಡಿಗೆ ನಿಮಗಿದ್ದರೆ ನಿಮ್ಮ ಕಾರಿಗೆ ಲಿಫ್ಟ್ ಬೇಕಿಲ್ಲ. ಇಲ್ಲದಿದ್ದರೆ ಯಾವ ಲಿಫ್ಟೂ ಸಾಲದು.

ಒಪ್ಪದವರು ಬೈಯಿರಿ, ಬೇಜಾರಿಲ್ಲ. ಆದರೆ ಲೆಕ್ಕದ ಸಮೇತ ಬೈಯಿರಿ. ಮೊದಲನೇ ಗೇರಿನಲ್ಲಿ, ಸಾವಿರ ಸುತ್ತಿಗೆ, ನಿಮ್ಮ ಗಾಡಿಯ ವೇಗ ಎಷ್ಟು?